ನಾವು ಕೇಳದೆ ಬಿಟ್ಟ ಪ್ರಶ್ನೆ

ಮೈಸೂರಿನ ಮಂಡಿ ಮೊಹಲ್ಲಾದ ಹಿರಿಯರಿಗೆ ತಾವು ಹುಟ್ಟಿದ ತಾರೀಖು ಗೊತ್ತಿರುತ್ತಿರಲಿಲ್ಲ. ಎಲ್ಲಿ ಹುಟ್ಟಿದ್ದು ಎಂಬುದು ಮಾತ್ರ ಚೆನ್ನಾಗಿ ಗೊತ್ತಿರುತ್ತಿತ್ತು. 'ಮಿಷನ್ ಆಸ್ಪತ್ರೆಯಲ್ಲಿ' ಎನ್ನುತ್ತಿದ್ದರು. 1906ರಲ್ಲಿ ವೆಸ್ಲಿಯನ್ ಮಿಷನ್‌ನವರು ಶುರುಮಾಡಿದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ನಮ್ಮ ಗಲ್ಲಿಯಲ್ಲಿ ಯಾರೂ ಪೂರ್ತಿ ಹೆಸರಿನಿಂದ ಕರೆದದ್ದು ನಮಗೆ ನೆನಪಿಲ್ಲ. ನಮ್ಮ ನಾನಿ ಹೆತ್ತ ಏಳು ಮಕ್ಕಳಲ್ಲಿ ಐದು ಅಲ್ಲಿಯೇ ಹುಟ್ಟಿದವು. ಕೂಸು ಹೊರಗೆ ಬಂದದ್ದೇ ತಡ, ಅಂಗಡಿಯವನು ಬೆಲ್ಲದ ಅಚ್ಚು ತೂಗಿದ ಹಾಗೆ ನರ್ಸಮ್ಮ ತಕ್ಕಡಿಗೆ ಹಾಕುತ್ತಿದ್ದಳು, ಆಮೇಲೆ ಟೇಪು ಹಿಡಿದು ದರ್ಜಿಯ ಹಾಗೆ ಅಳೆಯುತ್ತಿದ್ದಳು ಎಂದು ನಾನಿ ನಗುತ್ತಿದ್ದರು. ಬಟ್ಟೆ ಹೊಲಿಸುವ ಮೊದಲೇ ಅಳತೆ ಯಾಕೆ ಎಂದು ಅವರ ತಮಾಷೆ.

ಆ ಅಳತೆ ಯಾಕೆ ಎಂಬುದು ಅರ್ಧ ಶತಮಾನ ಕಳೆದ ಮೇಲೆ ತಿಳಿಯಿತು. 1934ರಿಂದ ಆ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಕ್ರಮವಾಗಿ ಬರೆದಿಟ್ಟಿದ್ದರು. ತಾಯಿಯ ತೂಕ, ಆಕೆಯ ಸೊಂಟದ ಮೂಳೆಯ ಅಳತೆಯೂ ಅದರಲ್ಲಿತ್ತು. 1990ರ ದಶಕದ ಮೊದಲಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನ ಸಂಶೋಧಕರು ಇಲ್ಲಿನ ವೈದ್ಯರ ಜೊತೆಗೂಡಿ ಆ ಪುಸ್ತಕಗಳನ್ನು ತೆಗೆದರು. ಆಸ್ಪತ್ರೆಯ ಸುತ್ತಮುತ್ತಲಿನ ಬೀದಿಗಳಲ್ಲಿ ಮನೆಮನೆಗೆ ಹೋಗಿ, ಇಲ್ಲಿ ಹುಟ್ಟಿದವರು ಯಾರಾದರೂ ಇದ್ದೀರಾ ಎಂದು ವಿಚಾರಿಸಿದರು. ನಮ್ಮ ಮನೆಗೂ ಬಂದರು. ಆಗ ನಾವು ಹೈಸ್ಕೂಲಿನಲ್ಲಿದ್ದೆವು. ಏಳನೇ ತರಗತಿಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಮಾಧ್ಯಮ. ಹೀಗಾಗಿ ಮನೆಗೆ ಬಂದ ಕಾಗದ ಓದುವುದು, ರೇಷನ್ ಕಾರ್ಡಿನ ಕಚೇರಿಯಲ್ಲಿ ಮಾತಾಡುವುದು, ಹೊರಗಿನವರು ಬಂದರೆ ಬಾಗಿಲಲ್ಲಿ ನಿಂತು ಉತ್ತರ ಕೊಡುವುದು ನಮ್ಮ ಪಾಲಿನ ಕೆಲಸವಾಗಿತ್ತು. ಒಳಗೆ ಅಗರಬತ್ತಿ ಹೊಸೆಯುತ್ತ ಕುಳಿತಿದ್ದ ಅಮ್ಮಿಗೆ ನಾವು ವಿಷಯ ಹೇಳಿದೆವು. ಸೊಪ್ಪಿನವಳ ಜೊತೆ ಕಾಲುಗಂಟೆ ಚೌಕಾಸಿ ಮಾಡಬಲ್ಲ ಅಮ್ಮಿ ಅಪರಿಚಿತರ ಮುಂದೆ ಮಾತ್ರ ನಮ್ಮ ಬಾಯಿಂದಲೇ ಮಾತಾಡುತ್ತಿದ್ದರು.

ಅಮ್ಮಿ ಮತ್ತು ಮಾಮು ಇಬ್ಬರೂ ಹೋಗಿ ಇಸಿಜಿ ಮಾಡಿಸಿಕೊಂಡು, ರಕ್ತ ಕೊಟ್ಟು ಬಂದರು. ಹುಟ್ಟಿದಾಗ ಅಮ್ಮಿಯ ತೂಕ ಐದು ಪೌಂಡು, ಅಂದರೆ ಎರಡೂಕಾಲು ಕೆಜಿ. ಮಾಮು ಆರೂವರೆ ಪೌಂಡು. 'ನೋಡು, ಆಗಲೇ ನನ್ನ ಪಾಲಿನದ್ದು ನೀನು ತಿಂದುಬಿಟ್ಟಿದ್ದೆ' ಎಂದು ಅಮ್ಮಿ ತಮ್ಮ ಅಣ್ಣನನ್ನು ವರ್ಷಗಟ್ಟಲೆ ಕಾಡಿಸಿದರು. ಮಾಮುಗೆ ಸಕ್ಕರೆ ಇರುವುದು ಅಲ್ಲಿ ಗೊತ್ತಾಯಿತು. ಅಮ್ಮಿಯ ಹೃದಯ ಚೆನ್ನಾಗಿದೆ ಎಂದರು. ಆ ಮಾತನ್ನು ಅಮ್ಮಿ ಸರ್ಟಿಫಿಕೇಟಿನ ಹಾಗೆ ಇಟ್ಟುಕೊಂಡಿದ್ದರು.

ಆ ಸಂಶೋಧನೆ ಹೇಳಿದ್ದೇನು ಎಂಬುದನ್ನು ನಾವು ಓದಿಕೊಂಡದ್ದು ಬಹಳ ತಡವಾಗಿ. ಗರ್ಭದಲ್ಲಿ ಕೂಸಿಗೆ ಸರಿಯಾಗಿ ಪೋಷಣೆ ಸಿಗದಿದ್ದರೆ ಅದರ ಪರಿಣಾಮ ನಡುವಯಸ್ಸಿನಲ್ಲಿ ಹೃದಯರೋಗವಾಗಿ ಕಾಣಿಸಿಕೊಳ್ಳಬಹುದು ಎಂದು ಡೇವಿಡ್ ಬಾರ್ಕರ್ ಎಂಬ ವೈದ್ಯ ಇಂಗ್ಲೆಂಡಿನ ಹಳೆಯ ಹುಟ್ಟುದಾಖಲೆಗಳಿಂದ ವಾದಿಸಿದ್ದರು. ಅದು ನಮ್ಮ ದೇಶಕ್ಕೂ ಹೊಂದುತ್ತದೆಯೇ ಎಂದು ಮೈಸೂರಿನಲ್ಲಿ ನೋಡಿದರು. 517 ಜನರನ್ನು ಪರೀಕ್ಷಿಸಿ 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಏಳು ಪೌಂಡಿಗಿಂತ ಹೆಚ್ಚು ತೂಕವಿದ್ದು ಹುಟ್ಟಿದವರಲ್ಲಿ ಹೃದಯರೋಗ ನೂರಕ್ಕೆ 3 ಇದ್ದರೆ, ಐದೂವರೆ ಪೌಂಡು ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11. ಕೂಸೂ ಸಣ್ಣದು, ಬಸುರಿ ತಾಯಿಯ ತೂಕವೂ ನೂರು ಪೌಂಡಿಗಿಂತ ಕಡಿಮೆ ಎಂದಿದ್ದರೆ ಅದು ನೂರಕ್ಕೆ 20. ಸಕ್ಕರೆ ಕಾಯಿಲೆಯಲ್ಲಿ ಮಾತ್ರ ಮೈಸೂರು ಇಂಗ್ಲೆಂಡಿನ ಮಾತು ಕೇಳಲಿಲ್ಲ. ಅಲ್ಲಿ ಸಣ್ಣ ಕೂಸುಗಳಿಗೆ ಮುಂದೆ ಸಕ್ಕರೆ ಬಂದರೆ, ಇಲ್ಲಿ ಗಿಡ್ಡಗೆ ದುಂಡಗೆ ಹುಟ್ಟಿದವರಲ್ಲಿ, ಮೈತುಂಬಿದ ತಾಯಂದಿರ ಮಕ್ಕಳಲ್ಲಿ ಅದು ಹೆಚ್ಚಾಗಿತ್ತು. ಗರ್ಭಿಣಿಯಲ್ಲೇ ಸಕ್ಕರೆ ಇರಬಹುದು ಎಂಬ ಅನುಮಾನದಿಂದ 1997ರಲ್ಲಿ ಅದೇ ಆಸ್ಪತ್ರೆಯಲ್ಲಿ ಎಂಟುನೂರಕ್ಕೂ ಹೆಚ್ಚು ಬಸುರಿಯರನ್ನು ಸೇರಿಸಿಕೊಂಡು ಇನ್ನೊಂದು ಅಧ್ಯಯನ ಆರಂಭಿಸಿದರು. ಅವರ ಮಕ್ಕಳ ಬೆಳವಣಿಗೆಯನ್ನು ಹುಟ್ಟಿದ ದಿನದಿಂದ ವರ್ಷಗಟ್ಟಲೆ ನೋಡುತ್ತ ಬಂದರು.

ಇದು ಹೆಮ್ಮೆಯ ವಿಷಯವೇ. ನಮ್ಮ ಮೊಹಲ್ಲಾದ ಬೀಡಿ ಕಟ್ಟುವವರ, ಅಗರಬತ್ತಿ ಹೊಸೆಯುವವರ ಮಕ್ಕಳ ತೂಕದ ಮೇಲೆ ಜಗತ್ತಿನ ವೈದ್ಯಶಾಸ್ತ್ರದ ಒಂದು ಅಧ್ಯಾಯ ನಿಂತಿದೆ. ಆದರೆ ಆ ಪುಸ್ತಕದಲ್ಲಿ ನಾನಿಯನ್ನು ತೂಗಿದ್ದು ಕೂಸಿಗಾಗಿ. ಸೊಂಟ ಅಳೆದದ್ದು ಕೂಸು ದಾಟಿ ಬರುತ್ತದೋ ಇಲ್ಲವೋ ಎಂದು ನೋಡಲಿಕ್ಕೆ. ಹೆರಿಗೆಯಾಗಿ ಮನೆಗೆ ಹೋದ ಮೇಲೆ ಆಕೆಯ ಪುಟ ಮುಗಿಯಿತು. ಉರ್ದುವಿನಲ್ಲಿ ಗರ್ಭಕೋಶಕ್ಕೆ 'ಬಚ್ಚೇದಾನಿ' ಎನ್ನುತ್ತೇವೆ. ಅತ್ತರ್‌ದಾನಿ, ಸುರ್ಮೇದಾನಿ ಎಂದ ಹಾಗೆ. ಅತ್ತರು ಮುಗಿದ ಮೇಲೆ ದಾನಿಯನ್ನು ಯಾರು ನೋಡುತ್ತಾರೆ?

2001ರಲ್ಲಿ ಅಮ್ಮಿಗೆ ನಲವತ್ತೊಂಬತ್ತು. ಮುಟ್ಟು ನಿಂತು ಒಂದು ವರ್ಷ ಆಗಿತ್ತಂತೆ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ನಮ್ಮ ಕಣ್ಣಿಗೆ ಬಿದ್ದದ್ದು ಇಷ್ಟೇ: ಮೊದಲು ಒಂದೇ ವುಜೂವಿನಲ್ಲಿ ಮಗ್ರಿಬ್ ಮತ್ತು ಇಶಾ ಮುಗಿಸುತ್ತಿದ್ದ ಅಮ್ಮಿ ಈಗ ಒಂದೊಂದು ನಮಾಜಿಗೂ ಎದ್ದು ಹೋಗಿ ಹೊಸದಾಗಿ ವುಜೂ ಮಾಡುತ್ತಿದ್ದರು. ಚಳಿಗಾಲದಲ್ಲೂ. ವಯಸ್ಸಾದ ಹಾಗೆ ಭಕ್ತಿ ಹೆಚ್ಚುತ್ತಿದೆ ಎಂದುಕೊಂಡೆವು. ಬೆನ್ನು ನೋವು, ಸುಸ್ತು ಎಂದಾಗ ಒಬ್ಬ ಲೇಡಿ ಡಾಕ್ಟರರ ಬಳಿ ಕರೆದುಕೊಂಡು ಹೋದವರು ನಾವು. ಆಪಾ ಚನ್ನಪಟ್ಟಣದಲ್ಲಿ, ಬಾಣಂತಿ. ಅಬ್ಬಾ ಅಂಗಡಿ ಬಿಟ್ಟು ಬರುವ ಹಾಗಿರಲಿಲ್ಲ, ಬಂದರೂ ಅವರ ಕನ್ನಡ ಅಷ್ಟಕ್ಕಷ್ಟೆ.

ಡಾಕ್ಟರು ಕನ್ನಡದಲ್ಲಿ ಕೇಳುತ್ತಿದ್ದರು, ನಾವು ನಮ್ಮ ಮನೆಮಾತಿನಲ್ಲಿ ದಾಟಿಸುತ್ತಿದ್ದೆವು. ಊಟ ಸೇರುತ್ತದಾ, ನಿದ್ದೆ ಬರುತ್ತದಾ. ನಂತರ ಅವರು ಬರೆಯುತ್ತಲೇ, ತಲೆ ಎತ್ತದೆ, 'ಗಂಡ ಹೆಂಡತಿ ಸೇರಿದ ಮೇಲೆ ರಕ್ತ ಕಾಣಿಸುತ್ತದಾ ಕೇಳಿ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಹೋಗ್ತಿದೆಯಾ ಅಂತಾನೂ ಕೇಳಿ' ಎಂದರು.

ನಮಗೆ ಆಗ ಇಪ್ಪತ್ತೆರಡು. ಆ ಹೊತ್ತಿಗೆ ಎರಡು ಕತೆಗಳು ಅಚ್ಚಾಗಿದ್ದವು. ಒಂದರಲ್ಲಿ ಹೆಣ್ಣಿನ ಸಂಕಟವನ್ನು ಬಹಳ ಚೆನ್ನಾಗಿ ಬರೆದಿದ್ದೇವೆ ಎಂದು ಯಾರೋ ಹಿರಿಯರು ಪತ್ರ ಹಾಕಿದ್ದರು. ಅಮ್ಮಿಯ ಕಡೆ ತಿರುಗಿ ನಾವು ಕೇಳಿದ್ದು: 'ಕಮ್‌ಜೋರಿ ಹೈ ಕ್ಯಾ ಅಮ್ಮಿ?' ನಿಶ್ಶಕ್ತಿ ಇದೆಯಾ ಎಂದು. ಅಮ್ಮಿ ನಮ್ಮನ್ನು ಒಂದು ಕ್ಷಣ ನೋಡಿದರು. ಹೌದೆಂದು ತಲೆಯಾಡಿಸಿದರು. ನಾವು ಡಾಕ್ಟರಿಗೆ, 'ಇಲ್ಲವಂತೆ, ಅಂಥದ್ದೇನಿಲ್ಲ' ಎಂದೆವು. ಒಮ್ಮೆ ಒಳಗೆ ಪರೀಕ್ಷೆ ಮಾಡೋಣವಾ ಎಂದು ಅವರು ಕೇಳಿದಾಗಲೂ, 'ಮುಂದಿನ ಸಲ ಅಕ್ಕ ಬಂದಾಗ' ಎಂದು ಉತ್ತರ ಕೊಟ್ಟವರು ನಾವೇ. ಇದು ಮುಟ್ಟು ನಿಲ್ಲುವ ವಯಸ್ಸು, ಹೀಗೆಲ್ಲ ಆಗುತ್ತದೆ ಎಂದು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು.

ಮುಂದಿನ ಸಲ ಬಂದದ್ದು ಏಳು ತಿಂಗಳ ಮೇಲೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮೂರನೇ ಹಂತ, ಅದರಲ್ಲೂ 'ಬಿ' ಎಂದರು. ಗರ್ಭಕೋಶದ ಬಾಯಿಯಲ್ಲಿ ಶುರುವಾದದ್ದು ಸೊಂಟದ ಗೋಡೆಯವರೆಗೆ ಹರಡಿತ್ತು. ಆಪರೇಷನ್ ಆಗುವುದಿಲ್ಲ, ಕರೆಂಟ್ ಕೊಡಿಸಬೇಕು. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಎಲ್ಲರೂ ಹೇಳುವುದು ಹಾಗೆಯೇ. ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಔಷಧಿಯನ್ನು ನರಕ್ಕೆ ಹಾಕುತ್ತಿದ್ದರು. ಅದನ್ನು ವಿಕಿರಣದ ಜೊತೆಗೇ ಕೊಟ್ಟರೆ ಸಾವು ಕಡಿಮೆಯಾಗುತ್ತದೆ ಎಂದು ಐದು ಪ್ರಯೋಗಗಳ ಫಲಿತಾಂಶ ನೋಡಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ವೈದ್ಯರಿಗೆ ತಿಳಿಸಿದ್ದು 1999ರ ಫೆಬ್ರವರಿಯಲ್ಲಿ. ಎರಡೇ ವರ್ಷ ಹಳೆಯ ತಿಳಿವಳಿಕೆ ಅಮ್ಮಿಯ ನರದೊಳಗೆ ಇಳಿಯುತ್ತಿತ್ತು. ಆ ಹುಡುಗ ಡಾಕ್ಟರು ಇದನ್ನು ಉತ್ಸಾಹದಿಂದ ವಿವರಿಸಿದ್ದ, ನಾವು ಅಮ್ಮಿಗೆ 'ಹೊಸ ದವಾ' ಎಂದಷ್ಟೇ ಹೇಳಿದ್ದೆವು.

ಒಪ್ಪಿಗೆ ಪತ್ರ ಕನ್ನಡ ಮತ್ತು ಇಂಗ್ಲಿಷಿನಲ್ಲಿತ್ತು. ಅಮ್ಮಿ ಕೆಳಗೆ ಉರ್ದುವಿನಲ್ಲಿ ಚೆಂದವಾಗಿ ಸಹಿ ಮಾಡಿದರು. ಕೌಂಟರಿನವನು ಕಾಗದವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, 'ಇದು ನಡೆಯಲ್ಲ, ಹೆಬ್ಬೆಟ್ಟು ಒತ್ತಿಸಿ' ಎಂದ. ಜೀವನವಿಡೀ ಓದುತ್ತ ಬಂದ ಹೆಂಗಸು ಹೆಬ್ಬೆಟ್ಟು ಒತ್ತಿದರು. ನಾವು ಪಕ್ಕದಲ್ಲಿ ಸಾಕ್ಷಿ ಎಂದು ಕನ್ನಡದಲ್ಲಿ ಸಹಿ ಹಾಕಿದೆವು. ಯಾವುದಕ್ಕೆ ಸಾಕ್ಷಿ? ಆ ಎರಡು ಪುಟಗಳಲ್ಲಿ ಅರ್ಧವನ್ನೂ ನಾವು ಅಮ್ಮಿಗೆ ಹೇಳಿರಲಿಲ್ಲ.

2004ರ ಶಾಬಾನ್ ತಿಂಗಳಲ್ಲಿ ಅಮ್ಮಿ ತೀರಿಕೊಂಡರು. ಇಷ್ಟು ಸಾಕು, ಕೊನೆಯ ತಿಂಗಳುಗಳನ್ನು ಇಲ್ಲಿ ಬರೆಯುವುದಿಲ್ಲ.

ನಮ್ಮಲ್ಲಿ ಇದಕ್ಕೆಲ್ಲ 'ಹಯಾ' ಕಾರಣ ಎನ್ನುವುದು ಸುಲಭ. ಹೊರಗಿನವರು ಅದನ್ನೇ ಹೇಳುತ್ತಾರೆ, ನಾವೂ ಬಹಳ ಕಾಲ ನಂಬಿದ್ದೆವು. ಆದರೆ ಅಮ್ಮಿಯ ದಿಂಬಿನ ಪಕ್ಕದಲ್ಲೇ ಇದ್ದ, ಬೆನ್ನು ಕಿತ್ತು ಹೋದ 'ಬಹಿಶ್ತೀ ಜೇವರ್' ಬಿಡಿಸಿ ನೋಡಿದರೆ ಅಲ್ಲಿ ನಾಚಿಕೆಯೇ ಇಲ್ಲ. ಹೈಜ್, ನಿಫಾಸ್, ಇಸ್ತಿಹಾಜಾ ಎಂದು ಮುಟ್ಟಿಗೆ, ಬಾಣಂತಿಯ ಸ್ರಾವಕ್ಕೆ, ಇವೆರಡೂ ಅಲ್ಲದ ಅಕಾಲದ ರಕ್ತಕ್ಕೆ ಬೇರೆ ಬೇರೆ ಹೆಸರು, ಬೇರೆ ಬೇರೆ ನಿಯಮ. ಇಸ್ತಿಹಾಜಾ ಇರುವವಳು ನಮಾಜು ಬಿಡುವಂತಿಲ್ಲ, ಪ್ರತಿ ವಕ್ತಿಗೂ ಹೊಸದಾಗಿ ವುಜೂ ಮಾಡಬೇಕು. ಅಮ್ಮಿ ಮಾಡುತ್ತಿದ್ದದ್ದು ಅದನ್ನೇ. ಅವರಿಗೆ ತಮ್ಮ ರೋಗದ ಲಕ್ಷಣಕ್ಕೆ ಡಾಕ್ಟರಿಗಿಂತ ನಿಖರವಾದ ಒಂದು ಪದ ಗೊತ್ತಿತ್ತು. ಫಾತಿಮಾ ಬಿಂತ್ ಅಬೀ ಹುಬೈಶ್ ಎಂಬ ಮಹಿಳೆ ನಿಲ್ಲದ ರಕ್ತದ ಬಗ್ಗೆ ನೇರವಾಗಿ ಪ್ರವಾದಿಯವರನ್ನೇ ಕೇಳಿದ್ದರು. ಅದು ಮುಟ್ಟಲ್ಲ, ಒಂದು ನರದಿಂದ ಬರುವುದು ಎಂದು ಅವರು ವಿವರಿಸಿದ್ದರು. ಉರ್ದು ಶಾಲೆಯಲ್ಲಿ ಓದಿದ ನಮಗೆ ಇದು ಗೊತ್ತಿತ್ತು. ಆಕೆ ಪ್ರವಾದಿಯವರನ್ನು ಕೇಳಬಹುದಾದರೆ ನಾವು ಅಮ್ಮಿಯನ್ನು ಕೇಳಬಹುದಿತ್ತು. ಧರ್ಮ ತಡೆಯಲಿಲ್ಲ. ತಡೆದದ್ದು ಇಪ್ಪತ್ತೆರಡರ ಗಂಡಸುತನ.

ಇನ್ನೊಂದು ಸಮಾಧಾನವೂ ನಮ್ಮಲ್ಲಿ ಓಡಾಡುತ್ತದೆ. 'ಆ ರೋಗ ನಮ್ಮವರಿಗೆ ಬರುವುದಿಲ್ಲ, ಖತ್ನಾ ಇದೆಯಲ್ಲ.' ಇದು ಪೂರ್ತಿ ಸುಳ್ಳಲ್ಲ. ಈ ಕ್ಯಾನ್ಸರಿಗೆ ಕಾರಣ ಎಚ್‌ಪಿವಿ ಎಂಬ ವೈರಸ್ಸು. ಅದನ್ನು ತೋರಿಸಿಕೊಟ್ಟ ಹೆರಾಲ್ಡ್ ಸುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು. ಖತ್ನಾ ಆದ ಗಂಡಸರಲ್ಲಿ ಆ ವೈರಸ್ಸು ಕಡಿಮೆ ಎಂದು ಐದು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟಿಸಿದ್ದಾರೆ. ಆದರೆ ಕಡಿಮೆ ಎಂದರೆ ಇಲ್ಲ ಎಂದಲ್ಲ. ಜುಮಾದ ಬಯಾನಿನಲ್ಲಿ ಈ ಅಧ್ಯಯನದ ಅರ್ಧವನ್ನು ಹೆಮ್ಮೆಯಿಂದ ಹೇಳುವವರನ್ನು ಕೇಳಿದ್ದೇವೆ. ಉಳಿದರ್ಧ ನಮ್ಮ ಮನೆಯಲ್ಲಿ ಮಲಗಿತ್ತು.

ಭಾರತದಲ್ಲಿ 2022ರ ಒಂದೇ ವರ್ಷ ಸುಮಾರು 1,27,000 ಹೆಂಗಸರಿಗೆ ಈ ರೋಗ ಬಂತು, ಸುಮಾರು 80,000 ಮಂದಿ ಸತ್ತರು ಎಂಬುದು ಅಂತಾರಾಷ್ಟ್ರೀಯ ಅಂದಾಜು. ವೈರಸ್ಸು ಹೊಕ್ಕಲ್ಲಿಂದ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಬೇಕು. ಅಂದರೆ ಮಿಷನ್ ಆಸ್ಪತ್ರೆಯಲ್ಲಿ ಅಮ್ಮಿಯ ಹೃದಯ ನೋಡಿದ ಆ ದಿನವೇ ಕೆಳಗೆ ಅದು ಮೊಳೆತಿರಬಹುದು. ನೋಡಿದವರ ತಪ್ಪಲ್ಲ. ಅವರ ಪ್ರಶ್ನೆ ಹೃದಯದ್ದಾಗಿತ್ತು.

ಆ ಇನ್ನೊಂದು ಪ್ರಶ್ನೆಯನ್ನು ಕೇಳಿದವರೂ ಅದೇ ಕಾಲದಲ್ಲಿ ಇದ್ದರು ಎಂಬುದು ನಮ್ಮನ್ನು ಈಗಲೂ ಕಾಡುತ್ತದೆ. 1998ರಿಂದ ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು, ಹತ್ತನೇ ತರಗತಿ ಓದಿದ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ವಿನಿಗರ್‌ನಂಥ ದ್ರಾವಣವನ್ನು ಗರ್ಭಕೋಶದ ಬಾಯಿಗೆ ಸವರಿ ನೋಡಿಸಿದರು. ಕೆಟ್ಟ ಜಾಗ ಒಂದು ನಿಮಿಷದಲ್ಲಿ ಬೆಳ್ಳಗಾಗುತ್ತದೆ. ಅಷ್ಟೇ. ಎರಡು ವರ್ಷಕ್ಕೊಮ್ಮೆ ಹೀಗೆ ನೋಡಿದ್ದರಿಂದ ಸಾವು ನೂರಕ್ಕೆ 31ರಷ್ಟು ಇಳಿಯಿತು ಎಂದು 2014ರಲ್ಲಿ ಪ್ರಕಟಿಸಿದರು. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ 1,31,746 ಹೆಂಗಸರನ್ನು ನಾಲ್ಕು ಗುಂಪು ಮಾಡಿ, ಮೂರಕ್ಕೆ ಮೂರು ಬಗೆಯ ಪರೀಕ್ಷೆ ಮಾಡಿದರು. ನಾಲ್ಕನೆಯ ಗುಂಪಿಗೆ ಪರೀಕ್ಷೆ ಇಲ್ಲ. 2009ರ ಲೆಕ್ಕದಂತೆ ವೈರಸ್ಸಿನ ಪರೀಕ್ಷೆ ಮಾಡಿದ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34. ಪರೀಕ್ಷೆ ಇಲ್ಲದ ಗುಂಪಿನಲ್ಲಿ 64.

ಆ 64ರ ಬಗ್ಗೆ ದೊಡ್ಡ ವಾದವೇ ನಡೆಯಿತು. ಪರೀಕ್ಷೆಯಿಂದ ಜೀವ ಉಳಿಯುತ್ತದೆ ಎಂದು ಬೇರೆ ದೇಶಗಳಲ್ಲಿ ಗೊತ್ತಿರುವಾಗ ಇಲ್ಲಿನ ಬಡ ಹೆಂಗಸರನ್ನು ಹಾಗೇ ಬಿಟ್ಟು ಎಣಿಸಿದ್ದು ಸರಿಯೇ ಎಂದು ಕೇಳಿದರು. ಸಂಶೋಧಕರ ಉತ್ತರ: ಈ ದೇಶದಲ್ಲಿ ಹೇಗೂ ಅವರಿಗೆ ಯಾವ ಪರೀಕ್ಷೆಯೂ ಸಿಗುತ್ತಿರಲಿಲ್ಲವಲ್ಲ. ನಿಜವಾದ ಉತ್ತರವೇ, ಆದರೆ ಅದನ್ನು ಹೇಳುವಾಗ ಯಾರಾದರೂ ತಲೆ ತಗ್ಗಿಸಬೇಕಿತ್ತು. ಆ ಲೆಕ್ಕದಲ್ಲಿ ನೋಡಿದರೆ ನಮ್ಮ ಮೊಹಲ್ಲಾ ಪೂರ್ತಿ ನಾಲ್ಕನೆಯ ಗುಂಪು, ಯಾರೂ ಎಣಿಸದ ಗುಂಪು.

ಅಮ್ಮಿಯ ಹಂತದವರಿಗೆ, ಅಂದರೆ ಮೂರು ಬಿ ಆದವರಿಗೆ, ಸಿಸ್‌ಪ್ಲಾಟಿನ್ ನಿಜಕ್ಕೂ ಉಪಯೋಗವೇ ಎಂಬುದನ್ನು ಟಾಟಾದವರು 2003ರಿಂದ 850 ಹೆಂಗಸರಲ್ಲಿ ಪರೀಕ್ಷಿಸಿದರು. ಐದು ವರ್ಷ ಬದುಕಿದವರು ಬರೀ ವಿಕಿರಣದಲ್ಲಿ ನೂರಕ್ಕೆ 46, ಔಷಧಿಯೂ ಸೇರಿದರೆ 54. ಇದು ಪ್ರಕಟವಾದದ್ದು 2018ರಲ್ಲಿ. ನೂರರಲ್ಲಿ ಎಂಟು ಜನ. ಅದನ್ನು ಓದಿದ ರಾತ್ರಿ, ಅಮ್ಮಿಗೆ ಕೊಟ್ಟದ್ದು ಸರಿಯಾದ ಔಷಧಿಯೇ ಎಂದು ಆಪಾಗೆ ಫೋನ್ ಮಾಡಿ ಹೇಳಿದೆವು. 'ಈಗ ಹೇಳ್ತಿದ್ದೀಯಾ' ಎಂದರು ಆಪಾ. ಹದಿನಾಲ್ಕು ವರ್ಷವಾಗಿತ್ತು.

ಆಗ ಆಂಧ್ರಕ್ಕೆ ಸೇರಿದ್ದ ಖಮ್ಮಂ ಜಿಲ್ಲೆಯ ಸುದ್ದಿ ನಿಮಗೆ ನೆನಪಿರಬಹುದು. ಈ ವೈರಸ್ಸಿನ ಲಸಿಕೆಯನ್ನು 2009ರಲ್ಲಿ ಅಲ್ಲಿ ಮತ್ತು ಗುಜರಾತಿನ ವಡೋದರಾದಲ್ಲಿ ಸಾವಿರಾರು ಬಾಲಕಿಯರಿಗೆ ಒಂದು ಯೋಜನೆಯಡಿ ಹಾಕಿದರು. ಏಳು ಹುಡುಗಿಯರು ಸತ್ತರು. ಸಾವಿಗೆ ಲಸಿಕೆ ಕಾರಣವಲ್ಲ ಎಂದು ವಿಚಾರಣೆಯಲ್ಲಿ ಕಂಡುಬಂತು. ಆದರೆ ಹಾಸ್ಟೆಲಿನ ಬುಡಕಟ್ಟು ಹುಡುಗಿಯರ ಒಪ್ಪಿಗೆ ಪತ್ರಗಳಿಗೆ ತಂದೆತಾಯಿಯ ಬದಲು ವಾರ್ಡನ್‌ಗಳು ಸಹಿ ಹಾಕಿದ್ದರು. 2013ರಲ್ಲಿ ಸಂಸದೀಯ ಸಮಿತಿ ಇದನ್ನೆಲ್ಲ ಖಂಡಿಸಿತು. ಆ ಗಲಾಟೆಯಿಂದಾಗಿ 2010ರಲ್ಲಿ ಬೇರೊಂದು ಲಸಿಕೆ ಅಧ್ಯಯನವೂ ಅರ್ಧಕ್ಕೆ ನಿಂತು, ಹಲವು ಸಾವಿರ ಹುಡುಗಿಯರಿಗೆ ಒಂದೇ ಡೋಸು ಸಿಕ್ಕಿತು. ವರ್ಷಗಟ್ಟಲೆ ನೋಡಿದಾಗ ಆ ಒಂದೇ ಡೋಸು ಸಾಕಷ್ಟು ಕಾಯುತ್ತದೆ ಎಂದು ಗೊತ್ತಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸನ್ನೂ ಒಪ್ಪಿತು. ವಿಜ್ಞಾನ ಕೆಲವೊಮ್ಮೆ ಹೀಗೆ ಎಡವಿ ಬೀಳುವಾಗ ನಾಣ್ಯ ಹೆಕ್ಕಿಕೊಳ್ಳುತ್ತದೆ.

ಆ ವಾರ್ಡನ್‌ಗಳ ಮೇಲೆ ಒಂದು ಸಿಟ್ಟಿನ ಲೇಖನ ಬರೆಯಬೇಕೆಂದು ನಾವು ಆಗ ಕುಳಿತಿದ್ದೆವು. ನಾಲ್ಕು ಸಾಲು ಬರೆದು ನಿಲ್ಲಿಸಿದೆವು. ಬೇರೆಯವರ ಮೈಗೆ ಸಂಬಂಧಿಸಿದ ಪ್ರಶ್ನೆಗೆ ಅವರನ್ನು ಕೇಳದೆ ಉತ್ತರ ಕೊಟ್ಟ ಇನ್ನೊಬ್ಬರು ಪೆನ್ನು ಹಿಡಿದು ಕುಳಿತಿದ್ದರಲ್ಲ.

ಉರ್ದುವಿನ 'ಹಮ್' ರೂಢಿಯಿಂದ ನಾವು ಬರೆಯುವಾಗಲೂ 'ನಾವು' ಎನ್ನುತ್ತೇವೆ. ತಪ್ಪು ಒಪ್ಪಿಕೊಳ್ಳುವಾಗಲಾದರೂ 'ನಾನು' ಅನ್ನು ಎಂದು ಆಪಾ ಚುಚ್ಚುತ್ತಾರೆ. ಅಭ್ಯಾಸ ಬಿಡುವುದಿಲ್ಲ. ಕಳೆದ ಬಕ್ರೀದಿಗೆ ಅವರ ಮನೆಗೆ ಹೋದಾಗ ಆ ಲೇಡಿ ಡಾಕ್ಟರರ ಕೋಣೆಯ ಮಾತನ್ನು ಅವರ ಮುಂದೆ ಮೊದಲ ಬಾರಿಗೆ ಬಾಯಿಬಿಟ್ಟೆವು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಹೇಳದಿದ್ದದ್ದು. ಆಪಾ ಮಾಂಸ ಕೊಚ್ಚುತ್ತಿದ್ದರು. ಕೈ ನಿಲ್ಲಿಸಲಿಲ್ಲ.

'ನನಗೆ ಗೊತ್ತು' ಎಂದರು. 'ಅಮ್ಮಿ ಆವತ್ತೇ ಹೇಳಿದ್ದರು. ಡಾಕ್ಟರಮ್ಮ ಕೇಳಿದ್ದು ಅಮ್ಮಿಗೆ ಪೂರ್ತಿ ಅರ್ಥ ಆಗಿತ್ತು. ಅಗರಬತ್ತಿ ಮಾಲೀಕನ ಹತ್ತಿರ ಕೂಲಿಗೆ ಜಗಳ ಮಾಡ್ತಿದ್ದವರು, ಅವರಿಗೆ ಅಷ್ಟು ಕನ್ನಡ ಬರಲ್ವಾ? ಹುಡುಗ ನಾಚಿಕೊಂಡ, ಅವನ ಮುಖ ನೋಡೋಕಾಗಲಿಲ್ಲ, ಅದಕ್ಕೇ ನಾನೂ ಸುಮ್ಮನಾದೆ ಅಂದರು.'

ನಾವು ಏನೂ ಹೇಳಲಿಲ್ಲ. ಆಪಾ ಈರುಳ್ಳಿಯ ಬುಟ್ಟಿಯನ್ನು ನಮ್ಮ ಕಡೆ ತಳ್ಳಿದರು.

ನಮ್ಮ ಮಗಳಿಗೆ ಈಗ ಹದಿನಾಲ್ಕು. ಹುಟ್ಟಿದಾಗ ಅವಳ ತೂಕ ಮೂರು ಕೆಜಿ ನೂರು ಗ್ರಾಂ. ಆ ಚೀಟಿ ನಮ್ಮಲ್ಲಿದೆ. ಲಸಿಕೆ ಹಾಕಿಸುವುದೆಂದು ಅವಳ ತಾಯಿ ಮತ್ತು ನಾವು ಮಾತಾಡಿಕೊಂಡು, ಡಾಕ್ಟರು ಕೊಟ್ಟ ಕರಪತ್ರವನ್ನು ಅವಳ ಕೈಗೇ ಕೊಟ್ಟೆವು, ನೀನೇ ಓದು ಎಂದು. ಊಟದ ದಸ್ತರ್‌ಖಾನಿನ ಮುಂದೆ ಗಟ್ಟಿಯಾಗಿ ಓದತೊಡಗಿದಳು. ಮೂರನೇ ಸಾಲಿಗೆ ನಿಂತಳು.

'ಅಬ್ಬಾ, ಗರ್ಭಕಂಠ ಅಂದರೆ ಎಲ್ಲಿರೋದು?'

ಅವಳ ತಾಯಿ ಅಡುಗೆಮನೆಯಲ್ಲಿದ್ದರು. ನಾವು ಆ ಕಡೆ ನೋಡಿದೆವು, ಅವರು ಬರುವ ಸೂಚನೆ ಇರಲಿಲ್ಲ.

'ಬಚ್ಚೇದಾನಿಯ ಬಾಯಿ' ಎಂದೆವು. 'ಕೂಸು ಹೊರಗೆ ಬರುವ ದಾರಿ ಶುರುವಾಗುವ ಜಾಗ.'

'ಓ' ಎಂದು ಅವಳು ಸಾರಿಗೆ ರೊಟ್ಟಿ ಅದ್ದಿಕೊಂಡು ನಾಲ್ಕನೇ ಸಾಲು ಓದಿದಳು.